ಮಕ್ಕಳಿಗೆ ಕಥೆ ಹೇಳಿದ ಇನ್‌ಸ್ಪೆಕ್ಟರು



ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಪಂಜೆ ಮಂಗೇಶರಾಯರ ಬಗ್ಗೆ ಬರೆಯುತ್ತಿದ್ದೇನೆ. ನಾಗರಹಾವಿನ ಪದ್ಯವನ್ನು ನಾವೆಲ್ಲ ಸಣ್ಣ ಕ್ಲಾಸಿನಲ್ಲಿ ಕೈಯನ್ನು ಹೆಡೆ ಮಾಡಿ ಹಾಡಿದ್ದೇವೆ. ಆ ಪದ್ಯ ಬರೆದವರು ಇವರೇ.

ಪಂಜೆಯವರು 1874ನೇ ಇಸವಿ ಫೆಬ್ರವರಿ 22ರಂದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿ ಹುಟ್ಟಿದರು. ಅವರ ಮನೆಮಾತು ಕೊಂಕಣಿ. ಸುತ್ತಮುತ್ತ ಜನ ಆಡುವುದು ತುಳು. ಕನ್ನಡ ಅವರಿಗೆ ಶಾಲೆಯ ಭಾಷೆ. ನಮ್ಮ ಕ್ಲಾಸಿನಲ್ಲೂ ಹಾಗೇ ಅಲ್ವಾ? ತುಳುವಿನವರು, ಕೊಂಕಣಿಯವರು, ಬ್ಯಾರಿಯವರು ಎಲ್ಲರೂ ಇದ್ದೇವೆ. ನಮ್ಮಂಥವರಿಗೆ ಕನ್ನಡ ಸರಿಯಾಗಿ ಬರುವುದಿಲ್ಲ ಅಂತ ಕೆಲವರು ನಗಾಡ್ತಾರೆ. ನನಗೆ ಅದು ಕೇಳಿ ಬೇಜಾರಾಗ್ತದೆ. ಅದಕ್ಕೇ ಇವರ ಜೀವನ ಚರಿತ್ರೆಯನ್ನು ಆರಿಸಿಕೊಂಡೆ.

ಪಂಜೆಯವರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದರು. 1900ರ ಹೊತ್ತಿಗೆ 'ಸುವಾಸಿನಿ' ಎಂಬ ಪತ್ರಿಕೆಯಲ್ಲಿ ಸಣ್ಣ ಕಥೆಗಳನ್ನು ಬರೆದರು. ಕನ್ನಡದಲ್ಲಿ ಸಣ್ಣ ಕಥೆ ಬರೆದ ಮೊದಲಿಗರಲ್ಲಿ ಅವರೂ ಒಬ್ಬರು. ಆಮೇಲೆ ಅವರು ಶಾಲಾ ಇನ್‌ಸ್ಪೆಕ್ಟರ್ ಆದರು. ಇನ್‌ಸ್ಪೆಕ್ಟರು ಬರ್ತಾರೆ ಅಂದರೆ ಮಕ್ಕಳಿಗೂ ಹೆದರಿಕೆ, ಮಾಷ್ಟ್ರಿಗೂ ಹೆದರಿಕೆ. ಆದರೆ ಈ ಇನ್‌ಸ್ಪೆಕ್ಟರು ಮಕ್ಕಳ ಮಧ್ಯೆ ನಿಂತು ಕಥೆ ಹೇಳುತ್ತಿದ್ದರು, ಹಾಡು ಹಾಡುತ್ತಿದ್ದರು.

ಆ ಕಾಲದಲ್ಲಿ ಸಣ್ಣ ಮಕ್ಕಳು ಹಾಡಿ ಕುಣಿಯುವಂಥ ಪದ್ಯಗಳು ಪುಸ್ತಕದಲ್ಲಿ ಬಹಳ ಕಡಿಮೆ. ದೊಡ್ಡವರ ಕಾವ್ಯ ಮಕ್ಕಳ ಬಾಯಿಗೆ ಕಷ್ಟ. ಪಂಜೆಯವರು ಇದನ್ನು ನೋಡಿ ಸುಮ್ಮನೆ ಕೂರಲಿಲ್ಲ. ತಾವೇ ಪದ್ಯ ಬರೆದರು. ಮಂಗಳೂರಿನ ಬಾಸೆಲ್ ಮಿಶನ್‌ನವರಿಗಾಗಿ 1912ರಿಂದ ಶಾಲಾ ಮಕ್ಕಳ ಪದ್ಯ ಪುಸ್ತಕಗಳನ್ನು ಸಂಪಾದಿಸಿದರು. 1921ರಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳನ್ನು ಹೊರತಂದರು. 'ಸಿಗಡಿ ಯಾಕೆ ಒಣಗಲಿಲ್ಲ', 'ಒಡ್ಡನ ಓಟ' ಎಂಬ ಕಥೆಗಳು ಅವರದ್ದೇ. ತುಳು ಪಾಡ್ದನದಲ್ಲಿದ್ದ ಕೋಟಿ ಚೆನ್ನಯರ ಕಥೆಯನ್ನು ಕನ್ನಡದಲ್ಲಿ ಬರೆದು, ತುಳು ಬಾರದವರಿಗೂ ತಿಳಿಯುವ ಹಾಗೆ ಮಾಡಿದರು. ಮುಂದೆ ಮಡಿಕೇರಿಯಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದಾಗ ಕೊಡಗಿನ ಸುಗ್ಗಿಯ ಬಗ್ಗೆ 'ಹುತ್ತರಿ ಹಾಡು' ಬರೆದರು. ಹೋದ ಊರನ್ನೆಲ್ಲ ಅವರು ತಮ್ಮ ಊರು ಮಾಡಿಕೊಂಡರು.

ಇಷ್ಟೆಲ್ಲ ಬರೆದರೂ ಅವರು ಇಟ್ಟುಕೊಂಡ ಕಾವ್ಯನಾಮ 'ಕವಿಶಿಷ್ಯ'. ಅಂದರೆ ತಾನು ಕವಿಯಲ್ಲ, ಕವಿಗಳ ಶಿಷ್ಯ ಅಂತ! ಎಂಥ ವಿನಯ ನೋಡಿ. ಆದರೆ ಕನ್ನಡ ಜನ ಅವರನ್ನು ದೊಡ್ಡವರೆಂದೇ ತಿಳಿದರು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಮಕ್ಕಳಿಗೆ ಬರೆಯುವುದು ಸಣ್ಣ ಕೆಲಸ ಅಲ್ಲ ಅಂತ ಇದರಿಂದ ನಮಗೆ ಗೊತ್ತಾಗ್ತದೆ. 1937ರ ಅಕ್ಟೋಬರ್ ತಿಂಗಳಲ್ಲಿ ಅವರು ಹೈದರಾಬಾದಿನಲ್ಲಿ ತೀರಿಕೊಂಡರು.

ಗೆಳೆಯರೇ, ಮನೆಯಲ್ಲಿ ಯಾವ ಭಾಷೆ ಮಾತಾಡಿದರೂ ಕನ್ನಡ ನಮ್ಮದೇ ಅಂತ ಪಂಜೆಯವರು ತೋರಿಸಿಕೊಟ್ಟಿದ್ದಾರೆ. ಕನ್ನಡ ತಪ್ಪಿದವರನ್ನು ನೋಡಿ ನಗಾಡುವ ಬದಲು ಅವರ ಹಾಗೆ ಹಾಡಿಸಿ ಕಲಿಸಬಹುದು.

ನಮ್ಮ ಟೀಚರರಲ್ಲಿ ನನ್ನದೊಂದು ವಿನಂತಿ. ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಒಂಬತ್ತೇ ಜನ. ಅವರಿಗೆ ಕನ್ನಡ ಇನ್ನೂ ಸರಿ ಅರ್ಥ ಆಗುವುದಿಲ್ಲ. ಶನಿವಾರ ಕೊನೆಯ ಪಿರಿಯಡ್‌ನಲ್ಲಿ ಏಳನೆಯವರಾದ ನಾವು ಅವರಿಗೆ ಪಂಜೆಯವರ ಕಥೆ ಹೇಳಿ, ಪದ್ಯ ಹಾಡಿಸುತ್ತೇವೆ. ದಯವಿಟ್ಟು ಒಪ್ಪಿಗೆ ಕೊಡಿ. ಕಥೆ ಹೇಳಲು ಆಸೆ ಇರುವವರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ.



— 7ನೇ ತರಗತಿ