ಫಿಲಿಪ್ ಮೆಡೋಸ್ ಟೇಲರ್

ಫಿಲಿಪ್ ಮೆಡೋಸ್ ಟೇಲರ್ (25 ಸೆಪ್ಟೆಂಬರ್ 1808 – 13 ಮೇ 1876) ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಆಂಗ್ಲ ಅಧಿಕಾರಿ, ಕಾದಂಬರಿಕಾರ ಹಾಗೂ ದಖ್ಖನ್ನಿನ ಬೃಹತ್ ಶಿಲಾಗೋರಿಗಳನ್ನು ಉತ್ಖನನ ಮಾಡಿದ ಮೊದಲಿಗರಲ್ಲಿ ಒಬ್ಬರು. ಲಿವರ್‌ಪೂಲ್‌ನಲ್ಲಿ ಜನಿಸಿದ ಇವರು ಹದಿಹರೆಯದಲ್ಲೇ ಭಾರತಕ್ಕೆ ಬಂದರು. 1839ರಲ್ಲಿ ಪ್ರಕಟವಾದ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಇವರಿಗೆ ಖ್ಯಾತಿ ತಂದಿತು. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ನಿಯುಕ್ತರಾಗಿ, ಬಾಲರಾಜ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನಡೆಸಿದರು.

ಸುರಪುರದ ಸುತ್ತಮುತ್ತ ಹಾಗೂ ಜೇವರ್ಗಿಯಲ್ಲಿ ಇವರು ಅಗೆಸಿದ ಗೋರಿಗಳಲ್ಲಿ ಅಸ್ಥಿಗಳೊಂದಿಗೆ ಮಡಕೆಗಳೂ ಕಬ್ಬಿಣದ ಆಯುಧಗಳೂ ದೊರೆತವು. ಮೃತರೊಡನೆ ಇಂತಹ ವಸ್ತುಗಳನ್ನು ಇಡುವ ರೂಢಿಯನ್ನು ಮರಣಾನಂತರದ ಬದುಕಿನ ನಂಬಿಕೆಯ ಕುರುಹೆಂದು ಪರಿಗಣಿಸಲಾಗುತ್ತದೆ. ಯುರೋಪಿನ ಗೋರಿಗಳೊಡನೆ ಹೋಲಿಕೆ ಕಂಡ ಟೇಲರ್, ಇವು ಕೆಲ್ಟ್ ಅಥವಾ ಸಿಥಿಯನ್ ಮೂಲದವೆಂದು ಊಹಿಸಿದರು.

ಈ ಊಹೆಯನ್ನು ನಂತರದ ವಿದ್ವಾಂಸರು ಒಪ್ಪಲಿಲ್ಲ. 1954ರಲ್ಲಿ ಬಿ. ಕೆ. ಥಾಪರ್ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ನಡೆಸಿದ ಉತ್ಖನನದಲ್ಲಿ, ಕಬ್ಬಿಣ ಬಳಸುತ್ತಿದ್ದ ಜನರ ವಸತಿಯಲ್ಲೂ ಗೋರಿಗಳಲ್ಲೂ ಕಪ್ಪು-ಕೆಂಪು ಮಡಕೆಗಳು ದೊರೆತವು. ಅಂದರೆ ಮೃತರಿಗೆ ಅರ್ಪಿಸಿದ್ದು ಅವರು ಬದುಕಿದ್ದಾಗ ಬಳಸಿದ ಬಗೆಯ ಪಾತ್ರೆಗಳನ್ನೇ. ಆದರೂ ಗೋರಿಯೊಳಗಿನ ಮಣ್ಣಿನ ಪದರಗಳನ್ನು ತೋರಿಸುವ ಟೇಲರ್ ಅವರ ನಕ್ಷೆಗಳು ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದವು. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವುಗಳನ್ನು ಪ್ರಶಂಸಿಸಿದರು.

ಟೇಲರ್ ಫ್ರಾನ್ಸಿನ ಮಾಂಟೋನ್‌ನಲ್ಲಿ ನಿಧನರಾದರು. ಇವರ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು.