ತೂಕವಿಲ್ಲದ ಮುಳ್ಳು: ಲಾರ್ಡ್ ಕೆಲ್ವಿನ್ ಕಥೆ

ವಿಮಾನದ ರೆಕ್ಕೆ ತಯಾರಿಸುವ ಕಾರ್ಖಾನೆಗಳಲ್ಲಿ ಈಗ ಒಂದು ಕೆಲಸ ಹೀಗೆ ನಡೆಯುತ್ತೆ. ದೊಡ್ಡ ಅಚ್ಚಿನ ಮೇಲೆ ಕಾರ್ಬನ್ ಫೈಬರ್ ಹಾಳೆಗಳನ್ನು ಪದರದ ಮೇಲೆ ಪದರ ಹಾಸಬೇಕು. ಪ್ರತಿ ಪದರಕ್ಕೂ ಬೇರೆ ಆಕಾರ, ಬೇರೆ ಜಾಗ. ಒಳಗಿನ ನಾರು ಯಾವ ದಿಕ್ಕಿಗಿರಬೇಕು ಅನ್ನೋದೂ ಬೇರೆ ಬೇರೆ. ಮೊದಲೆಲ್ಲ ಟೆಂಪ್ಲೇಟ್ ಇಟ್ಟು, ಅಳೆದು, ಗುರುತು ಹಾಕಿಕೊಳ್ಳುತ್ತಿದ್ದರು. ಈಗ ಮೇಲಿನಿಂದ ಒಂದು ಲೇಸರ್ ಪ್ರೊಜೆಕ್ಟರ್ ಆ ಪದರದ ಅಂಚನ್ನು ಹಸಿರು ಗೆರೆಯಾಗಿ ಅಚ್ಚಿನ ಮೇಲೆಯೇ ತೋರಿಸುತ್ತೆ. ಕೆಲಸಗಾರರು ಗೆರೆಗೆ ಸರಿಯಾಗಿ ಹಾಳೆ ಕೂರಿಸಿ ಬಟನ್ ಒತ್ತಿದರೆ ಮುಂದಿನ ಪದರದ ಗೆರೆ ಬರುತ್ತೆ.

ಈ ಪ್ರೊಜೆಕ್ಟರ್ ಒಳಗೆ ಲೇಸರ್ ಬಿಟ್ಟರೆ ಮುಖ್ಯವಾಗಿ ಇರೋದು ಎರಡು ಪುಟ್ಟ ಕನ್ನಡಿಗಳು. ಒಂದು ಕಿರಣವನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತೆ, ಇನ್ನೊಂದು ಮೇಲಕ್ಕೆ ಕೆಳಕ್ಕೆ. ಕನ್ನಡಿ ತಿರುಗಿಸುವ ಮೋಟರಿಗೆ ಇಂಡಸ್ಟ್ರಿಯಲ್ಲಿ ‘ಗ್ಯಾಲ್ವೋ’ ಅಂತಾರೆ. ಗ್ಯಾಲ್ವನೋಮೀಟರ್ ಅನ್ನೋ ಹೆಸರನ್ನೇ ಮೊಟಕು ಮಾಡಿದ್ದು. ಕರೆಂಟ್ ಅಳೆಯೋ ಉಪಕರಣದ ಹೆಸರು ಲೇಸರ್ ತಿರುಗಿಸೋ ಮೋಟರಿಗೆ ಯಾಕೆ ಬಂತು? ಇದಕ್ಕೆ ಉತ್ತರ ಅಟ್ಲಾಂಟಿಕ್ ಸಾಗರದ ತಳದಲ್ಲಿದೆ, ಮತ್ತು ನಮ್ಮಲ್ಲಿ ಬಹಳಷ್ಟು ಜನರಿಗೆ ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿ ಮಾತ್ರ ಪರಿಚಯವಿರುವ ಒಬ್ಬರ ಬದುಕಿನಲ್ಲಿದೆ. ಅವರೇ ಲಾರ್ಡ್ ಕೆಲ್ವಿನ್.

ಹತ್ತು ವರ್ಷಕ್ಕೇ ಯೂನಿವರ್ಸಿಟಿ

ಹುಟ್ಟುಹೆಸರು ವಿಲಿಯಂ ಥಾಮ್ಸನ್. 1824ರ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಜನನ. ಆರು ವರ್ಷಕ್ಕೇ ತಾಯಿ ತೀರಿಕೊಂಡರು. ತಂದೆ ಜೇಮ್ಸ್ ಥಾಮ್ಸನ್ ಗಣಿತದ ಮೇಷ್ಟ್ರು. ಅವರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಕೆಲಸ ಸಿಕ್ಕಾಗ ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ವಿಲಿಯಂ ಹತ್ತನೇ ವಯಸ್ಸಿಗೇ ಅದೇ ಯೂನಿವರ್ಸಿಟಿಗೆ ಸೇರಿದರು. ಹದಿನಾರರ ಹೊತ್ತಿಗೆ ಶಾಖದ ಬಗ್ಗೆ ಫೂರಿಯೇ ಬರೆದ ಗ್ರಂಥವನ್ನು ಓದಿದರು. ಹೌದು, ನಾವು ಎಂ-3ರಲ್ಲಿ ಒದ್ದಾಡೋ ಸೀರೀಸ್‌ನ ಅದೇ ಫೂರಿಯೇ! ಲೋಹದಲ್ಲಿ ಶಾಖ ಹೇಗೆ ಹರಡುತ್ತೆ ಅನ್ನೋ ಆ ಸಮೀಕರಣ ಮುಂದೆ ಅವರಿಗೆ ಸಮುದ್ರದಲ್ಲಿ ಉಪಯೋಗಕ್ಕೆ ಬಂತು.

ಕೇಂಬ್ರಿಡ್ಜ್‌ನಲ್ಲಿ ಓದು ಮುಗಿಸಿ, ಪ್ಯಾರಿಸ್ಸಿನಲ್ಲಿ ರೆನ್ಯೋ ಅವರ ಪ್ರಯೋಗಾಲಯದಲ್ಲಿ ನಿಖರವಾಗಿ ಅಳೆಯೋದು ಕಲಿತು, 1846ರಲ್ಲಿ ಗ್ಲಾಸ್ಗೋದಲ್ಲೇ ಪ್ರೊಫೆಸರ್ ಆದರು. ಆಗ ವಯಸ್ಸು 22, ಅಂದ್ರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಆ ಹುದ್ದೆಯಲ್ಲಿ 53 ವರ್ಷ ಇದ್ದರು. ವಿದ್ಯಾರ್ಥಿಗಳು ತಾವೇ ಕೈಯಾರೆ ಪ್ರಯೋಗ ಮಾಡಲಿ ಅಂತ ಕಾಲೇಜಿನ ಹಳೇ ವೈನ್ ನೆಲಮಾಳಿಗೆಯನ್ನು ಲ್ಯಾಬ್ ಮಾಡಿದರು. ನಮ್ಮ ಪುಸ್ತಕಗಳಲ್ಲಿರುವ ಆಬ್ಸಲ್ಯೂಟ್ ತಾಪಮಾನದ ಅಳತೆ ಬಂದದ್ದು 1848ರಲ್ಲಿ.

ಸಮುದ್ರದ ತಳದ ತಂತಿ

1850ರ ದಶಕದಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡ್‌ವರೆಗೆ, ಸಾಗರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಕುವ ಯೋಜನೆ ಹುಟ್ಟಿತು. ತಾಮ್ರದ ತಂತಿ, ಸುತ್ತ ಗಟಾಪರ್ಚಾ ಎಂಬ ಮರದ ಹಾಲಿನ ಇನ್ಸುಲೇಷನ್, ಅದರ ಹೊರಗೆ ಉಪ್ಪುನೀರು. ಇದು ಏನು ಅಂತ ಹೇಳಿ ನೋಡೋಣ? ಸಾವಿರಾರು ಕಿಲೋಮೀಟರ್ ಉದ್ದದ ಒಂದು ಕೆಪಾಸಿಟರ್! ಈ ತುದಿಯಲ್ಲಿ ಚುರುಕಾಗಿ ಕೊಟ್ಟ ಪಲ್ಸ್ ಆ ತುದಿಯಲ್ಲಿ ಹರಡಿಕೊಂಡು, ಸೋತು ಬರುತ್ತೆ. ಥಾಮ್ಸನ್ 1854ರಲ್ಲೇ ಫೂರಿಯೇಯ ಶಾಖದ ಗಣಿತವನ್ನು ಕೇಬಲ್ಲಿಗೆ ಹಚ್ಚಿ, ವಿಳಂಬ ಉದ್ದದ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತೆ ಅಂತ ತೋರಿಸಿದರು. ಉದ್ದ ಎರಡರಷ್ಟಾದರೆ ರೆಸಿಸ್ಟೆನ್ಸ್ ಎರಡರಷ್ಟು, ಕೆಪಾಸಿಟೆನ್ಸ್ ಎರಡರಷ್ಟು, ಆದ್ದರಿಂದ ವಿಳಂಬ ನಾಲ್ಕರಷ್ಟು.

ಕೇಬಲ್ ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಅವರು ಮೂಲತಃ ವೈದ್ಯರು, ಶಸ್ತ್ರಚಿಕಿತ್ಸಕರು. ತಮ್ಮ ಪ್ರಯೋಗಗಳಲ್ಲಿ ಈ ವರ್ಗದ ನಿಯಮ ಕಾಣೋದಿಲ್ಲ ಅನ್ನೋದು ಅವರ ವಾದ. ಸಿಗ್ನಲ್ ಸೋಲುತ್ತೆ ಅಂದ್ರೆ ಇನ್ನೂ ಜೋರಾಗಿ ತಳ್ಳಿದರಾಯ್ತು ಅನ್ನೋದು ಅವರ ದಾರಿ. ಥಾಮ್ಸನ್ ದಾರಿ ಬೇರೆ. ಕಳಿಸೋ ಕರೆಂಟ್ ಸಣ್ಣದಿರಲಿ, ಅದನ್ನು ಓದುವ ಸಾಧನ ಸೂಕ್ಷ್ಮವಾಗಿರಲಿ.

ಆದರೆ ಸಾಧನದ ಮುಳ್ಳಿಗೆ ತೂಕ ಇರುತ್ತಲ್ಲ? ಮುಳ್ಳು ಉದ್ದವಾದಷ್ಟೂ ಚಲನೆ ಚೆನ್ನಾಗಿ ಕಾಣುತ್ತೆ. ಆದರೆ ಇನರ್ಷಿಯಾ ಹೆಚ್ಚಿ, ಸೋತು ಬಂದ ಕರೆಂಟಿಗೆ ಅದು ಅಲ್ಲಾಡೋದೇ ಇಲ್ಲ. ಥಾಮ್ಸನ್ ಮುಳ್ಳನ್ನೇ ತೆಗೆದುಹಾಕಿದರು. ಒಂದು ಚೂರು ಕನ್ನಡಿ, ಅದರ ಬೆನ್ನಿಗೆ ಅಂಟಿಸಿದ ಸಣ್ಣ ಮ್ಯಾಗ್ನೆಟ್‌ಗಳು, ರೇಷ್ಮೆ ಎಳೆಯಲ್ಲಿ ತೂಗುಹಾಕಿ ಸುತ್ತಲೂ ತೆಳ್ಳನೆ ತಂತಿಯ ಕಾಯಿಲ್. ದೀಪದ ಬೆಳಕು ಕನ್ನಡಿಗೆ ಬಿದ್ದು ದೂರದ ಸ್ಕೇಲಿನ ಮೇಲೆ ಚುಕ್ಕೆಯಾಗಿ ಬೀಳುತ್ತೆ. ಇಲ್ಲಿ ಮುಳ್ಳು ಅಂದ್ರೆ ಬೆಳಕು. ಎಷ್ಟು ಉದ್ದ ಬೇಕಾದರೂ ಮಾಡಬಹುದು, ತೂಕ ಇಲ್ಲ. ಜೊತೆಗೆ ಕನ್ನಡಿ ಒಂದು ಡಿಗ್ರಿ ತಿರುಗಿದರೆ ಕಿರಣ ಎರಡು ಡಿಗ್ರಿ ತಿರುಗುತ್ತೆ. ಒಂದು ಮೀಟರ್ ದೂರದಲ್ಲಿ ಚುಕ್ಕೆ ಸುಮಾರು 3.5 ಸೆಂಟಿಮೀಟರ್ ಸರಿಯುತ್ತೆ. ಕನ್ನಡಿಯಿಂದ ಅಳೆಯುವ ಉಪಾಯ ಜರ್ಮನಿಯಲ್ಲಿ ಮೊದಲೇ ಇತ್ತು. ಅದನ್ನು ಇಷ್ಟು ಹಗುರ, ಇಷ್ಟು ಚುರುಕು ಮಾಡಿ ಟೆಲಿಗ್ರಾಫ್ ಕೆಲಸಕ್ಕೆ ಇಳಿಸಿದ್ದು ಥಾಮ್ಸನ್. 1858ರಲ್ಲಿ ಪೇಟೆಂಟ್ ಕೂಡ ಮಾಡಿಸಿದರು. ಲ್ಯಾಬ್‌ನಲ್ಲಿ ಲ್ಯಾಂಪ್ ಅಂಡ್ ಸ್ಕೇಲ್ ಇಟ್ಟು ಬ್ಯಾಲಿಸ್ಟಿಕ್ ಗ್ಯಾಲ್ವನೋಮೀಟರ್ ರೀಡಿಂಗ್ ತಗೊಂಡವರಿಗೆ ಈ ಚುಕ್ಕೆಯ ಪರಿಚಯ ಇದ್ದೇ ಇರುತ್ತೆ.

ಎರಡು ಸಾವಿರ ವೋಲ್ಟ್

ಹಲವು ಸಲ ತುಂಡಾದ ಮೇಲೆ 1858ರ ಆಗಸ್ಟ್ 5ರಂದು ಕೇಬಲ್ ದಡದಿಂದ ದಡಕ್ಕೆ ಮುಟ್ಟಿತು. ಥಾಮ್ಸನ್ ಬಿರುಗಾಳಿಯಲ್ಲೂ ಅಗಮೆಮ್ನಾನ್ ಹಡಗಿನಲ್ಲೇ ಇದ್ದರು. ಎರಡೂ ದೇಶಗಳಲ್ಲಿ ಸಂಭ್ರಮವೋ ಸಂಭ್ರಮ. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಹೋಗಲು ಸುಮಾರು 16 ಗಂಟೆ ಹಿಡಿಯಿತು. ಅಷ್ಟರಲ್ಲಿ ವೈಟ್‌ಹೌಸ್ ತಮ್ಮ ಭಾರೀ ಇಂಡಕ್ಷನ್ ಕಾಯಿಲ್‌ಗಳಿಂದ ಸುಮಾರು 2000 ವೋಲ್ಟ್ ಕೊಟ್ಟಿದ್ದರು. ಅವರ ಸ್ವಂತ ಯಂತ್ರಕ್ಕೆ ಸಿಗ್ನಲ್ ಸಿಗದಿದ್ದಾಗ ಕೆಲಸ ಮಾಡಿದ್ದು ಥಾಮ್ಸನ್ ಕನ್ನಡಿಯೇ. ಮೂರೇ ವಾರದಲ್ಲಿ ಕೇಬಲ್ ಸಾಯತೊಡಗಿತು. ತಯಾರಿಕೆಯಲ್ಲೇ ದೋಷಗಳಿದ್ದದ್ದು ನಿಜ, ಆದರೆ ಆ ವೋಲ್ಟೇಜ್ ಅದನ್ನು ಬೇಗ ಮುಗಿಸಿತು. ಅಷ್ಟು ಜನರ ದುಡ್ಡು, ದುಡಿಮೆ ಎಲ್ಲ ನೀರುಪಾಲು. ಕಂಪನಿ ವೈಟ್‌ಹೌಸ್ ಅವರನ್ನು ಕೆಲಸದಿಂದ ತೆಗೆಯಿತು.

ಥಾಮ್ಸನ್ ಬಿಡಲಿಲ್ಲ. ತಾಮ್ರದ ಒಂದೊಂದು ಮಾದರಿಯ ವಾಹಕತೆ ಒಂದೊಂದು ರೀತಿ ಇರೋದನ್ನು ಅವರು ಮೊದಲೇ ಕಂಡಿದ್ದರು. ಹಾಗಾಗಿ ಕಾರ್ಖಾನೆಯಲ್ಲೇ ತಂತಿ ಪರೀಕ್ಷೆ ಆಗಬೇಕು, ಹೊಸ ಕೇಬಲ್ಲಿಗೆ ದಪ್ಪ ತಾಮ್ರ ಬೇಕು ಅಂತ ಪಟ್ಟುಹಿಡಿದರು. ಈ ನಡುವೆ 1860ರಲ್ಲಿ ಹಿಮದ ಮೇಲೆ ಕರ್ಲಿಂಗ್ ಆಡುವಾಗ ಕಾಲು ಮುರಿದು, ಜೀವನಪೂರ್ತಿ ಕುಂಟುತ್ತಲೇ ನಡೆದರು. ಆದರೂ ಹಡಗು ಹತ್ತೋದು ತಪ್ಪಲಿಲ್ಲ. 1865ರಲ್ಲಿ ಗ್ರೇಟ್ ಈಸ್ಟರ್ನ್ ಹಡಗಿನಿಂದ ಬಿಟ್ಟ ಕೇಬಲ್ ನಡುಸಮುದ್ರದಲ್ಲಿ ತುಂಡಾಯಿತು. 1866ರ ಜುಲೈನಲ್ಲಿ ಹೊಸದು ದಡ ಮುಟ್ಟಿತು. ಹಳೆಯದನ್ನೂ ತಳದಿಂದ ಎತ್ತಿ ಜೋಡಿಸಿದರು. ವೇಗ ಈಗ ನಿಮಿಷಕ್ಕೆ ಸುಮಾರು 8 ಪದ. ಕತ್ತಲು ಕೋಣೆಯಲ್ಲಿ ಕೂತ ಆಪರೇಟರ್ ಬೆಳಕಿನ ಚುಕ್ಕೆ ಎಡಕ್ಕೆ ಹೋಯ್ತೋ ಬಲಕ್ಕೆ ಹೋಯ್ತೋ ನೋಡಿ ಸಂದೇಶ ಓದುತ್ತಿದ್ದ.

ಆಮೇಲೆ ಇಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್ ಒಂದು ಪ್ರಯೋಗ ಮಾಡಿದರು. ಎರಡೂ ಕೇಬಲ್‌ಗಳನ್ನು ಅಮೆರಿಕದ ತುದಿಯಲ್ಲಿ ಜೋಡಿಸಿ, ಹೊಲಿಯುವವರು ಬೆರಳಿಗೆ ಹಾಕಿಕೊಳ್ಳುವ ಬೆಳ್ಳಿ ಟೋಪಿಯಲ್ಲಿ ಚೂರು ಆಸಿಡ್, ಚೂರು ಸತು ಹಾಕಿ ಬ್ಯಾಟರಿ ಮಾಡಿದರು. ಅಷ್ಟರಿಂದಲೇ ಸಿಗ್ನಲ್ ಸಾಗರ ದಾಟಿ ಹೋಗಿ ವಾಪಸ್ ಬಂದು ಕನ್ನಡಿಯ ಚುಕ್ಕೆಯನ್ನು ಸರಿಸಿತು. 2000 ವೋಲ್ಟ್‌ನ ವಾದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಬೇಕಿರಲಿಲ್ಲ.

ಅದೇ ವರ್ಷ ಥಾಮ್ಸನ್ ‘ಸರ್’ ಆದರು. 1870ರಲ್ಲಿ ಬಹುಕಾಲ ಕಾಯಿಲೆಯಲ್ಲಿದ್ದ ಹೆಂಡತಿ ಮಾರ್ಗರೆಟ್ ತೀರಿಕೊಂಡರು. ಪೇಟೆಂಟ್‌ಗಳಿಂದ ಕೈತುಂಬ ದುಡ್ಡು ಬಂದಿತ್ತು. 126 ಟನ್ನಿನ ಲಲ್ಲಾ ರೂಖ್ ಎಂಬ ಹಾಯಿಹಡಗು ಕೊಂಡು ಮತ್ತೆ ಸಮುದ್ರಕ್ಕಿಳಿದರು. ಹಡಗಿನ ದಿಕ್ಸೂಚಿ ಸುಧಾರಿಸಿದರು, ಪಿಯಾನೋ ತಂತಿಯಿಂದ ಸಮುದ್ರದ ಆಳ ಅಳೆಯುವ ಯಂತ್ರ ಮಾಡಿದರು. 1892ರಲ್ಲಿ ಲಾರ್ಡ್ ಪದವಿ ಬಂದಾಗ ಯೂನಿವರ್ಸಿಟಿ ಪಕ್ಕ ಹರಿಯುವ ಕೆಲ್ವಿನ್ ನದಿಯ ಹೆಸರು ಇಟ್ಟುಕೊಂಡರು.

ಎಲ್ಲವೂ ಸರಿ ಮಾಡಿದರು ಅಂತಲ್ಲ. ಭೂಮಿ ತಣ್ಣಗಾಗುವ ಲೆಕ್ಕದಿಂದ ಅದರ ವಯಸ್ಸನ್ನು ಕೆಲವು ಕೋಟಿ ವರ್ಷ ಅಂದರು. ಇವತ್ತಿನ ಲೆಕ್ಕ ಸುಮಾರು 454 ಕೋಟಿ. ರೇಡಿಯೋ ಆಕ್ಟಿವಿಟಿ ಗೊತ್ತಾದ ಮೇಲೂ ಮಾತು ಬದಲಿಸಲು ಹಿಂದೇಟು ಹಾಕಿದರು. ಅದೇ ಮನುಷ್ಯ 1899ರಲ್ಲಿ ನಿವೃತ್ತಿಯಾಗಿ, ಅದೇ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿ ಅಂತ ಹೆಸರು ಬರೆಸಿಕೊಂಡರು! 1907ರ ಡಿಸೆಂಬರ್ 17ರಂದು ತೀರಿಕೊಂಡರು. ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ ಪಕ್ಕ.

ಅದೇ ಕನ್ನಡಿ, ತಿರುಗಾಮುರುಗಾ

ಈಗ ಕಾರ್ಖಾನೆಗೆ ವಾಪಸ್ ಬರೋಣ. ಥಾಮ್ಸನ್ ಚುಕ್ಕೆ ಎಲ್ಲಿದೆ ನೋಡಿ ಕರೆಂಟ್ ಎಷ್ಟು ಅಂತ ಹೇಳುತ್ತಿದ್ದರು. ಲೇಸರ್ ಪ್ರೊಜೆಕ್ಟರ್‌ನಲ್ಲಿ ಲೆಕ್ಕ ಉಲ್ಟಾ: ಚುಕ್ಕೆ ಎಲ್ಲಿ ಬೀಳಬೇಕು ಅಂತ ಕ್ಯಾಡ್ ಮಾಡೆಲ್ ಹೇಳುತ್ತೆ, ಅದಕ್ಕೆ ಬೇಕಾದಷ್ಟು ಕರೆಂಟನ್ನು ಕಂಟ್ರೋಲರ್ ಕೊಡುತ್ತೆ. ಕನ್ನಡಿ ನಿಜವಾಗಿ ಎಷ್ಟು ತಿರುಗಿತು ಅನ್ನೋದನ್ನು ಸೆನ್ಸರ್ ನೋಡಿ ತಿದ್ದುತ್ತೆ. ಅಚ್ಚಿನ ಮೇಲೆ ಗೊತ್ತಾದ ಜಾಗಗಳಲ್ಲಿ ಕೂರಿಸಿದ ಟಾರ್ಗೆಟ್‌ಗಳನ್ನು ಹುಡುಕಿ, ತಾನು ಎಲ್ಲಿದ್ದೇನೆ ಅಂತ ಪ್ರೊಜೆಕ್ಟರ್ ಮೊದಲೇ ಲೆಕ್ಕ ಹಾಕಿಕೊಂಡಿರುತ್ತೆ. ಒಂದೇ ಚುಕ್ಕೆ ಸೆಕೆಂಡಿಗೆ ಹತ್ತಾರು ಸಲ ಅದೇ ದಾರಿಯಲ್ಲಿ ಓಡೋದರಿಂದ ನಮ್ಮ ಕಣ್ಣಿಗೆ ಗೆರೆ ಕಾಣುತ್ತೆ. 5 ಮೀಟರ್ ದೂರದಲ್ಲಿ ಗೆರೆ ಅರ್ಧ ಮಿಲಿಮೀಟರ್ ಆಚೀಚೆ ಆಗಬಾರದು ಅಂದ್ರೆ ಕನ್ನಡಿಯ ಕೋನ ಒಂದು ಡಿಗ್ರಿಯ ಸುಮಾರು 350ನೇ ಒಂದು ಭಾಗದೊಳಗೆ ಸರಿಯಿರಬೇಕು. ಇವತ್ತಿನ ಬಹುತೇಕ ಗ್ಯಾಲ್ವೋಗಳಲ್ಲಿ ಕಾಯಿಲ್ ನಿಂತಿರುತ್ತೆ, ಮ್ಯಾಗ್ನೆಟ್ ತಿರುಗುತ್ತೆ. 1858ರಲ್ಲೂ ಹಾಗೇ ಇತ್ತು.

ಲೇಸರ್ ಬಂದದ್ದು 1960ರಲ್ಲಿ, ಕೆಲ್ವಿನ್ ಅದನ್ನು ನೋಡಲಿಲ್ಲ. ಆದರೆ ತೂಕವಿಲ್ಲದ ಮುಳ್ಳನ್ನು ಕೆಲಸಗಾರನ ಕಣ್ಣೆದುರು ಇಟ್ಟವರು ಅವರು. ನಮ್ಮ ಪ್ರಾಜೆಕ್ಟ್‌ಗಳಲ್ಲೂ ಸಿಗ್ನಲ್ ಸಿಗದಿದ್ದಾಗ ಮೊದಲು ಕೈ ಹೋಗೋದು ವೋಲ್ಟೇಜ್ ಏರಿಸೋ ನಾಬ್ ಕಡೆಗೇ. ಅದನ್ನು ತಿರುಗಿಸೋ ಮುಂಚೆ, ನಾವು ಓದುತ್ತಿರೋ ರೀತಿ ಸರಿಯಿದೆಯಾ ಅಂತ ಒಮ್ಮೆ ನೋಡಿಕೊಳ್ಳೋಣ.