ಅಮೋಘವರ್ಷ ನೃಪತುಂಗ

ಒಂದನೆಯ ಅಮೋಘವರ್ಷ ನೃಪತುಂಗ (ಆಳ್ವಿಕೆ: ಸು. ಕ್ರಿ.ಶ. ೮೧೪–೮೭೮) ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ಚಕ್ರವರ್ತಿ. ಇವನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಈಗ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು. ಕನ್ನಡ ನಾಡಿನ ಎಲ್ಲೆ ಯಾವುದು, ಕನ್ನಡ ಜನರ ಸ್ವಭಾವವೇನು, ನುಡಿಯ ತಿರುಳು ಎಲ್ಲಿದೆ ಎಂಬುದನ್ನು ಈ ಗ್ರಂಥ ಹೇಳುತ್ತದೆ. ಆ ತಿರುಳಿನ ಸೀಮೆಯಲ್ಲಿ ಇಂದಿನ ಕೊಪ್ಪಳವೂ ಸೇರಿದೆ.

ಬಾಲ್ಯ ಮತ್ತು ಪಟ್ಟಾಭಿಷೇಕ

ನೃಪತುಂಗನ ನಿಜನಾಮ ಶರ್ವ. ತಂದೆ ಮೂರನೆಯ ಗೋವಿಂದನು ಉತ್ತರದ ದಂಡಯಾತ್ರೆಯಲ್ಲಿದ್ದಾಗ, ಸು. ೮೦೦ರಲ್ಲಿ, ನರ್ಮದಾ ಸಮೀಪದ ಶ್ರೀಭವನದಲ್ಲಿ ಇವನ ಜನನವಾಯಿತು. ಕನ್ನಡದ ಹೆಸರಿನೊಡನೆ ಇಷ್ಟು ಬೆಸೆದುಕೊಂಡ ಅರಸನು ಕನ್ನಡ ನಾಡಿನ ಹೊರಗೆ ಹುಟ್ಟಿದನೆಂಬುದು ಗಮನಾರ್ಹ. ತಂದೆ ತೀರಿಕೊಂಡಾಗ ಇವನು ಇನ್ನೂ ಬಾಲಕ. ಗುಜರಾತ್ ಶಾಖೆಯ ಕರ್ಕನು ರಕ್ಷಕನಾಗಿ ನಿಂತನು. ಆದರೂ ಸಾಮಂತರು ಮತ್ತು ದಾಯಾದಿಗಳು ದಂಗೆಯೆದ್ದು ಬಾಲಕನನ್ನು ಸಿಂಹಾಸನದಿಂದ ಇಳಿಸಿದರು. ೮೨೧ರ ವೇಳೆಗೆ ಕರ್ಕನ ನೆರವಿನಿಂದ ಅವನಿಗೆ ರಾಜ್ಯ ಮರಳಿ ದಕ್ಕಿತು.

ಯುದ್ಧಗಳು

ವೇಂಗಿಯ ಚಾಲುಕ್ಯರನ್ನು ವಿಂಗವಲ್ಲಿಯಲ್ಲಿ ಸೋಲಿಸಿದನು. ಗಂಗರೊಡನೆ ಹೋರಾಟ ದೀರ್ಘಕಾಲ ನಡೆಯಿತು. ಸೇನಾನಿ ಬಂಕೇಶನು ಗಂಗವಾಡಿಯೊಳಗೆ ಮುನ್ನುಗ್ಗಿದ್ದಾಗ ರಾಜಧಾನಿಯಲ್ಲಿ ಅಂತಃಕಲಹ ಹುಟ್ಟಿ, ಅರಸನ ಕರೆಯಂತೆ ಅವನು ಹಿಂದಿರುಗಬೇಕಾಯಿತೆಂದು ಕೊಣ್ಣೂರು ಶಾಸನದಿಂದ ತಿಳಿಯುತ್ತದೆ. ಆ ಕಲಹದಲ್ಲಿ ರಾಜಕುಮಾರ ಕೃಷ್ಣನೂ ಇದ್ದನೆಂದು ಇತಿಹಾಸಕಾರರು ಭಾವಿಸುತ್ತಾರೆ. ಕಡೆಗೆ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ವೈರವನ್ನು ಮುಗಿಸಿದನು. ತಂದೆಯಂತೆ ಇವನು ಉತ್ತರದ ದಿಗ್ವಿಜಯಕ್ಕೆ ಹೊರಡಲಿಲ್ಲ. ಹಾಗಿದ್ದೂ ೮೫೧ರ ಅರಬ್ಬೀ ವೃತ್ತಾಂತವು 'ಬಲ್ಹರಾ'ನನ್ನು ಬಾಗ್ದಾದಿನ ಖಲೀಫ, ಚೀನಾ ಮತ್ತು ರೂಮ್ ದೇಶಗಳ ದೊರೆಗಳೊಂದಿಗೆ ಲೋಕದ ನಾಲ್ವರು ಮಹಾರಾಜರಲ್ಲಿ ಎಣಿಸಿದೆ.

ಕವಿರಾಜಮಾರ್ಗ ಮತ್ತು ಕನ್ನಡ ನಾಡು

ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸುವ ಅಲಂಕಾರ ಗ್ರಂಥ. ೧೮೯೮ರಲ್ಲಿ ಇದನ್ನು ಸಂಪಾದಿಸಿದ ಕೆ.ಬಿ. ಪಾಠಕರು ನೃಪತುಂಗನೇ ಕರ್ತೃವೆಂದು ತಿಳಿದಿದ್ದರು. ಗ್ರಂಥವು ತಾನು ನೃಪತುಂಗನಿಗೆ ಸಮ್ಮತವಾದುದೆಂದು ಹೇಳಿಕೊಳ್ಳುವುದರಿಂದ, ಆಸ್ಥಾನಕವಿ ಶ್ರೀವಿಜಯನು ಬರೆದನೆಂಬ ಅಭಿಪ್ರಾಯ ಈಗ ಹೆಚ್ಚು ಬಲವಾಗಿದೆ. ಕರ್ತೃ ಯಾರೇ ಆದರೂ ಅರಸನ ಒಪ್ಪಿಗೆಯ ಮುದ್ರೆ ಅದರ ಮೇಲಿದೆ.

ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಅದು ಕನ್ನಡ ನಾಡೆಂದು ಗುರುತಿಸುತ್ತದೆ. ಅದರೊಳಗೆ ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಪುಲಿಗೆರೆ (ಲಕ್ಷ್ಮೇಶ್ವರ) ಮತ್ತು ಒಕ್ಕುಂದಗಳ ನಡುವಿನ ಸೀಮೆಯನ್ನು ಕನ್ನಡದ ತಿರುಳೆನ್ನುತ್ತದೆ. ಅಕ್ಷರ ಕಲಿಯದವರೂ ಕಾವ್ಯದಲ್ಲಿ ನಿಪುಣರೆಂದು ಜನರನ್ನು ಮೆಚ್ಚುತ್ತದೆ. ಅದೇ ಹೊತ್ತಿಗೆ ಕನ್ನಡ ಒಂದಲ್ಲ, ಹಲವು ಎಂಬುದನ್ನೂ ಒಪ್ಪುತ್ತದೆ. ಇಲ್ಲಿ ಜನರನ್ನು ಗುರುತಿಸಿರುವುದು ಕುಲದಿಂದಾಗಲಿ ಮತದಿಂದಾಗಲಿ ಅಲ್ಲ, ನೆಲ ಮತ್ತು ನುಡಿಗಳಿಂದ. ನಾಡಿನಾಚೆ ನೆಲೆಸಿದ ರಾಷ್ಟ್ರಕೂಟರೂ ಈ ನಂಟನ್ನು ಬಿಟ್ಟಿರಲಿಲ್ಲ: ಗುಜರಾತಿನ ಕರ್ಕನ ತಾಮ್ರಪಟದಲ್ಲಿ ಅರಸನ ರುಜು ಹಳಗನ್ನಡ ಲಿಪಿಯಲ್ಲಿದೆ.

ಧರ್ಮ

ಆದಿಪುರಾಣದ ಕರ್ತೃ ಜಿನಸೇನಾಚಾರ್ಯರು ಇವನ ಗುರುಗಳು. ಗಣಿತಸಾರಸಂಗ್ರಹದ ಮಹಾವೀರಾಚಾರ್ಯ ಮತ್ತು ವೈಯಾಕರಣ ಶಾಕಟಾಯನರು ಇವನ ಕಾಲದವರು. ಆದರೆ ಇವನನ್ನು ಕೇವಲ ಜೈನ ಅರಸನೆನ್ನುವುದು ಸರಿಯಾಗದು. ಪ್ರಜೆಗಳಿಗೆ ಬಂದ ವಿಪತ್ತಿನ ನಿವಾರಣೆಗಾಗಿ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ೮೭೧ರ ಸಂಜಾನ ತಾಮ್ರಪಟ ಹೇಳುತ್ತದೆ. ಪ್ರಶ್ನೋತ್ತರ ರತ್ನಮಾಲಿಕೆಯ ಪ್ರಕಾರ ಕೊನೆಗಾಲದಲ್ಲಿ ವಿವೇಕದಿಂದ ರಾಜ್ಯವನ್ನು ತ್ಯಜಿಸಿದನು. ನಂತರ ಮಗ ಎರಡನೆಯ ಕೃಷ್ಣನು ಪಟ್ಟಕ್ಕೆ ಬಂದನು.

ಕೊಪಣದ ನೆಲೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅವುಗಳ ಭಾಷೆ ಪ್ರಾಕೃತ. ಸುಮಾರು ಸಾವಿರ ವರ್ಷಗಳ ತರುವಾಯ ಅದೇ ಊರು ತಿರುಳ್ಗನ್ನಡದ ಎಲ್ಲೆಯ ಗುರುತಾಯಿತು. ಕೊಪಣವು ಪ್ರಸಿದ್ಧ ಜೈನ ತೀರ್ಥವೂ ಆಗಿದ್ದು, ಅಲ್ಲಿ ಸಮಾಧಿಮರಣ ಹೊಂದಿದವರ ಶಾಸನಗಳು ಬೆಟ್ಟದ ಬಂಡೆಗಳ ಮೇಲೆ ಉಳಿದಿವೆ. ರಾಯಚೂರಿನ ಭಾಗವಾಗಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ಸೇರಿ ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು.